ಹಾಲ್‌ಗೆ ಹಾಲಿನ ಬಣ್ಣವೇ ಯಾಕೆ ಬೇಕು?

ಬಹಳ ದಿನದಿಂದ ತಲೆ ಕೊರೆಯುತ್ತಿದ್ದ ವಿಷಯ. ಇವತ್ತು ಬರೆದು ಹಗುರಾಗೋಣ ಅಂತ ಕೂತಿದ್ದೇನೆ. ಖಾರ ಸ್ವಲ್ಪ ಜಾಸ್ತಿ ಅನ್ನಿಸಿದರೆ ಪಕ್ಕದಲ್ಲಿ ಒಂದು ಲೋಟ ಮಜ್ಜಿಗೆ ಇಟ್ಟುಕೊಂಡು ಓದಿ :-)

ವಿಷಯ ಏನಪ್ಪಾ ಅಂದ್ರೆ, ಮನೆಯ ಹಾಲ್‌ಗೆ ಗುಲಾಬಿ ಬಣ್ಣ ಹೊಡೆಸುವುದು. ಗಾಬರಿ ಆಗಬೇಡಿ, ಬೊಂಬಾಯಿ ಮಿಠಾಯಿ ಬಣ್ಣ ಅಲ್ಲ. ಹುಟ್ಟುಹಬ್ಬದ ಬಲೂನಿನ ಬಣ್ಣವೂ ಅಲ್ಲ. ಮಾಸಲು ಗುಲಾಬಿ. ಸೀರೆ ಅಂಗಡಿಯವರು ಈರುಳ್ಳಿ ಬಣ್ಣ ಅಂತಾರಲ್ಲ, ಆ ಜಾತಿಯದು. ಮುರುಗಲ ಹಣ್ಣಿನ ರಸಕ್ಕೆ ಕಾಯಿಹಾಲು ಬೆರೆಸಿದಾಗ ಬರುತ್ತಲ್ಲ, ಅದಕ್ಕೆ ಒಂಚೂರು ಬೂದಿ ಉದುರಿಸಿದ ಹಾಗೆ. ಬಣ್ಣದ ಕಂಪನಿಗಳ ಶೇಡ್ ಕಾರ್ಡಿನಲ್ಲಿ ಇದಕ್ಕೆ ಡಸ್ಟಿ ರೋಸ್, ಬ್ಲಶ್ ಅಂತೆಲ್ಲ ಹೆಸರಿರುತ್ತೆ. ನಮ್ಮಲ್ಲಿ ನಸುಗೆಂಪು ಅನ್ನುವ ಚೆಂದದ ಪದ ಇದೆ, ಪಾಪ ಯಾರೂ ಬಳಸೋದಿಲ್ಲ.

ಈ ನಸುಗೆಂಪನ್ನು ಹಾಲ್‌ಗೆ ಬೇಡ ಅನ್ನುವವರು ನೂರು ಕಾರಣ ಕೊಡ್ತಾರೆ. ಒಂದೊಂದಾಗಿ ಎಲ್ಲವನ್ನೂ ಕೇಳಿಸಿಕೊಂಡಿದ್ದೇನೆ. ಕೇಳಿದ ಮೇಲೆ ನನಗೆ ಖಾತ್ರಿಯಾಗಿದ್ದು ಇಷ್ಟು: ಆ ಕಾರಣಗಳಿಗೂ ಬಣ್ಣಕ್ಕೂ ಸಂಬಂಧವೇ ಇಲ್ಲ. ಹಾಲ್ ಯಾರ ಜಾಗ ಅನ್ನೋದೇ ಅಲ್ಲಿರುವ ಪ್ರಶ್ನೆ.

ನಮ್ಮ ಮನೆಯ ಕಥೆಯನ್ನೇ ತಗೊಳ್ಳಿ. ಪೇಂಟ್ ಹೊಡೆಸಿ ಏಳೆಂಟು ವರ್ಷ ಆಗಿತ್ತು. ಅಡುಗೆಮನೆಗೆ ಯಾವ ಟೈಲ್ಸ್ ಅಂತ ನಾನೊಬ್ಬಳೇ ಹೋಗಿ ಆರಿಸಿ ಬಂದಿದ್ದೆ, ಯಾರೂ ಕೇಳಲಿಲ್ಲ. ಮಲಗುವ ಕೋಣೆಗೆ ಬೂದು ನೀಲಿ ಅಂದೆ, ಯಾರೂ ಕೇಳಲಿಲ್ಲ. ಹಾಲ್‌ಗೆ ಈ ಶೇಡು ಅಂತ ಕಾರ್ಡಿನ ಮೇಲೆ ಬೆರಳಿಟ್ಟೆ ನೋಡಿ, ಪೇಂಟಿಂಗ್ ಕಂಟ್ರಾಕ್ಟರು ಪೆನ್ನು ಕೆಳಗಿಟ್ಟರು. "ಮಗಳ ರೂಮಿಗಾದ್ರೆ ಸೂಪರಾಗಿರುತ್ತೆ ಮೇಡಂ. ಹಾಲ್‌ಗೆ... ಸಾರ್‌ನ ಒಂದ್ಮಾತು ಕೇಳಿಬಿಡಿ."

ಸಾರ್, ಅಂದರೆ ನಮ್ಮನೆಯವರು, ಕಾರ್ಡನ್ನು ಕಿಟಕಿ ಹತ್ತಿರ ಹಿಡಿದು ನೋಡಿದರು. "ಚೆನ್ನಾಗೇನೋ ಇದೆ ಮಾರಾಯ್ತಿ, ಆದ್ರೆ ಆಫೀಸಿನವರೆಲ್ಲ ಬಂದಾಗ..." ಅಂತ ವಾಕ್ಯವನ್ನು ಅರ್ಧಕ್ಕೇ ಬಿಟ್ಟರು. ಅರ್ಧಕ್ಕೆ ಬಿಟ್ಟಿದ್ದನ್ನು ಅತ್ತೆ ಫೋನಿನಲ್ಲಿ ಪೂರ್ತಿ ಮಾಡಿದರು: "ನಾಲ್ಕು ಜನ ಗಂಡಸರು ಬಂದು ಕೂರೋ ಜಾಗ ಕಣೇ ಅದು."

ಇದಕ್ಕೆ ಅತ್ತೆಯ ಮೇಲೆ ನನಗೆ ಸಿಟ್ಟಿಲ್ಲ. ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಮಲೆನಾಡಿನ ಕಡೆಯ ಮನೆಗಳನ್ನು ನೋಡಿದವರಿಗೆ ಗೊತ್ತು, ಜಗಲಿ ಅಂದರೆ ಗಂಡಸರು ಕವಳ ಹಾಕುತ್ತಾ ಅಡಿಕೆ ರೇಟು ಮಾತಾಡುವ ಜಾಗ. ಹೆಂಗಸರು ಅಲ್ಲಿಗೆ ಬರೋದು ಕಾಫಿ ಲೋಟ ಇಡೋದಕ್ಕೆ, ಆಮೇಲೆ ಅದೇ ಲೋಟ ಎತ್ತೋದಕ್ಕೆ. ಆ ಜಗಲಿಯೇ ಊರು ಬಿಟ್ಟು ಬೆಂಗಳೂರಿಗೆ ಬಂದು, ಮೂರನೇ ಮಹಡಿ ಹತ್ತಿ, ಹಾಲ್ ಅಂತ ಹೆಸರು ಬದಲಾಯಿಸಿಕೊಂಡಿದೆ. ಈಗ ಅಲ್ಲಿ ಹೆಂಗಸರೂ ಕಾಲು ಚಾಚಿ ಟೀವಿ ನೋಡ್ತೀವಿ, ನಿಜ. ಗೋಡೆ ಬಣ್ಣದ ವಿಷಯ ಬಂದಾಗ ಮಾತ್ರ ಅದು ಮತ್ತೆ ಜಗಲಿ!

ಈಗ ಆ ನೂರು ಕಾರಣಗಳಲ್ಲಿ ಮುಖ್ಯವಾದ ಮೂರನ್ನು ವಿಚಾರಿಸಿಕೊಳ್ಳೋಣ.

ಒಂದನೇದು, "ಪಿಂಕ್ ಹೆಣ್ಣುಮಕ್ಕಳ ಬಣ್ಣ."

ಯಾವಾಗಿಂದ ಸ್ವಾಮೀ? 1918ರ ಜೂನ್‌ನಲ್ಲಿ ಅಮೆರಿಕದ ಮಕ್ಕಳ ಬಟ್ಟೆ ವ್ಯಾಪಾರದ ಪತ್ರಿಕೆಯೊಂದು, ಅರ್ನ್‌ಶಾಸ್ ಇನ್‌ಫೆಂಟ್ಸ್ ಡಿಪಾರ್ಟ್‌ಮೆಂಟ್ ಅಂತ ಅದರ ಹೆಸರು, ಗುಲಾಬಿ ಗಂಡುಮಕ್ಕಳಿಗೆ, ನೀಲಿ ಹೆಣ್ಣುಮಕ್ಕಳಿಗೆ ಅಂತ ಬರೆದಿತ್ತು. ಗುಲಾಬಿ ಗಟ್ಟಿ ಬಣ್ಣ, ನೀಲಿ ನಾಜೂಕು ಅನ್ನೋದು ಅದರ ತರ್ಕ. ಜೋ ಪಾವೊಲೆಟ್ಟಿ ಅನ್ನುವವರು 2012ರಲ್ಲಿ ಇದರ ಮೇಲೇ ಒಂದು ಪುಸ್ತಕ ಬರೆದರು. ಈಗಿನ ಗುಲಾಬಿ-ನೀಲಿ ನಿಯಮ ಆ ದೇಶದಲ್ಲೇ ಬೇರೂರಿದ್ದು ಇಪ್ಪತ್ತನೇ ಶತಮಾನದಲ್ಲಿ ಅಂತ ಅವರು ತೋರಿಸಿದ್ದಾರೆ. 1953ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರ ಹೆಂಡತಿ ಮೇಮಿ ಗುಲಾಬಿ ಗೌನು ತೊಟ್ಟು ಪದಗ್ರಹಣದ ನೃತ್ಯಕೂಟಕ್ಕೆ ಬಂದರು. ಶ್ವೇತಭವನದ ತಮ್ಮ ವಾಸದ ಭಾಗವನ್ನೂ ಗುಲಾಬಿಮಯ ಮಾಡಿದರು. ಶ್ವೇತಭವನದೊಳಗೆ ಗುಲಾಬಿ ಅರಮನೆ ಅಂತ ಪತ್ರಕರ್ತರು ತಮಾಷೆ ಮಾಡಿದ್ದುಂಟು. ಆ ದಶಕದಲ್ಲಿ ಅಲ್ಲಿನ ಸಾವಿರಾರು ಮನೆಗಳ ಬಚ್ಚಲುಮನೆಗಳೂ ಗುಲಾಬಿಯಾದವು. ಗಮನಿಸಿದಿರಾ? ಅಧ್ಯಕ್ಷರ ಹೆಂಡತಿಗೂ ಸಿಕ್ಕಿದ್ದು ವಾಸದ ಕೋಣೆಗಳೇ, ಉಳಿದ ಹೆಂಗಸರಿಗೆ ಬಚ್ಚಲು!

ಅಂದರೆ ನಮ್ಮ ಅಜ್ಜಂದಿರ ಕಾಲದಲ್ಲಿ ಅಂಗಡಿಯವರು ಮಾಡಿದ ಪಂಕ್ತಿಭೇದ ಇದು. ಮನುಧರ್ಮವೇನೂ ಅಲ್ಲ. (ಮನುಧರ್ಮವೇ ಆಗಿದ್ದರೂ ನಾನು ಕೇಳ್ತಿರಲಿಲ್ಲ ಬಿಡಿ, ಅದು ಬೇರೆ ಮಾತು.)

ನಮ್ಮ ದೇಶದಲ್ಲಂತೂ ಗಂಡಸರೇ ಊರಿಗೆ ಊರನ್ನೇ ಗುಲಾಬಿ ಮಾಡಿದ್ದಾರೆ. 1876ರಲ್ಲಿ ವೇಲ್ಸ್ ರಾಜಕುಮಾರ ಬರ್ತಾನೆ ಅಂತ ಮಹಾರಾಜ ಸವಾಯಿ ರಾಮ್ ಸಿಂಗ್ ಜೈಪುರಕ್ಕೆ ಬಳಿಸಿದ್ದು ಇದೇ ಕೆಮ್ಮಣ್ಣು ಛಾಯೆಯ ಗುಲಾಬಿ. ಬಂದ ರಾಜಕುಮಾರ ಏನಂದ್ಕೋತಾನೋ ಅಂತ ಮಹಾರಾಜರು ಹೆದರಲಿಲ್ಲ. ನಮ್ಮನೆಗೆ ಬರುವ ಆಫೀಸಿನವರು ವೇಲ್ಸ್ ರಾಜಕುಮಾರನಿಗಿಂತ ದೊಡ್ಡವರಾ?

ಬೆಂಗಳೂರಿನ ಹೈಕೋರ್ಟನ್ನೇ ನೋಡಿ. 1868ರ ಅಠಾರಾ ಕಚೇರಿ, ಕೆಂಪು ಕೆಂಪಾಗಿ ನಿಂತಿದೆ. ಹಿಂದುಗಡೆ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯವೂ ಕೆಂಪು. ಎರಡೂ ಗಂಭೀರ ಕಟ್ಟಡಗಳು ಅಂತ ಎಲ್ಲರೂ ಒಪ್ತೀವಿ. ಅದೇ ಕೆಂಪಿಗೆ ನಾಲ್ಕು ಬಕೆಟ್ ಸುಣ್ಣ ಸುರಿದರೆ ನಸುಗೆಂಪು. ಸುಣ್ಣ ಸೇರಿದ ತಕ್ಷಣ ಗಂಡು ಬಣ್ಣ ಹೆಣ್ಣಾಗಿಬಿಡುತ್ತಾ? ಎಷ್ಟನೇ ಬಕೆಟಿಗೆ?

ಎರಡನೇದು, "ಇದು ಪರದೇಶದ ಫ್ಯಾಷನ್, ಇನ್‌ಸ್ಟಾಗ್ರಾಮ್ ಹುಚ್ಚು."

ಪ್ಯಾಂಟೋನ್ ಕಂಪನಿ ರೋಸ್ ಕ್ವಾರ್ಟ್ಜ್ ಅನ್ನುವ ತಿಳಿಗುಲಾಬಿಯನ್ನು, ಜೊತೆಗೊಂದು ತಿಳಿನೀಲಿಯನ್ನು, 2016ರ ವರ್ಷದ ಬಣ್ಣ ಅಂತ ಘೋಷಿಸಿತು. ಆಮೇಲೆ ಮಿಲೇನಿಯಲ್ ಪಿಂಕ್ ಅಂತ ಫೋನಿನ ಕವರಿನಿಂದ ಸೋಫಾದವರೆಗೆ ಹಬ್ಬಿತು. ಇದನ್ನು ನೋಡಿ, ಓಹೋ ಇದು ಅಲ್ಲಿಂದ ಬಂದಿದ್ದು ಅಂತ ತೀರ್ಮಾನ ಮಾಡಿದವರು ನಮ್ಮೂರ ಮನೆಗಳನ್ನು ಕಣ್ಣುಬಿಟ್ಟು ನೋಡಿಲ್ಲ ಅಂತಲೇ ಅರ್ಥ.

ಸಾಗರದ ಕಡೆ ದೀವರ ಹೆಂಗಸರು ಹಸೆ ಚಿತ್ತಾರ ಬರೆಯುವ ಮುಂಚೆ ಗೋಡೆಗೆ ಏನು ಸಾರಿಸ್ತಾರೆ? ಕೆಮ್ಮಣ್ಣು. ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ. ಕರಾವಳಿಯ ಹಳೇ ದೇವಸ್ಥಾನಗಳಲ್ಲಿ ಕಾವಿ ಕಲೆ ಅಂತ ಇದೆ, ಸುಣ್ಣದ ಗಾರೆಯನ್ನೂ ಕೆಂಪು ಕಾವಿಯನ್ನೂ ಸೇರಿಸಿ ಕೊರೆದು ಮಾಡಿದ್ದು. ದೇವಸ್ಥಾನದ ಗೋಡೆಯ ಪಟ್ಟೆಗೆ ಸುಣ್ಣ, ಜಾಜು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಮಾಡುಗಳೆಲ್ಲ ಕೆಂಪಾದವು. ಆಮೇಲೆ ರೆಡ್ ಆಕ್ಸೈಡ್ ನೆಲ ಬಂತು. ಅದರ ಮೇಲೆ ಬೇಸಿಗೆಯ ಮಧ್ಯಾಹ್ನ ಬರಿಮೈಯಲ್ಲಿ ಮಲಗಿದ ಸುಖ ಯಾರು ಮರೀತಾರೆ ಹೇಳಿ?

ಹಂಚು, ಇಟ್ಟಿಗೆ, ಜಂಬಿಟ್ಟಿಗೆ, ಜಾಜು, ರೆಡ್ ಆಕ್ಸೈಡ್ ಎಲ್ಲದರ ಕೆಂಪಿಗೂ ಕಾರಣ ಒಂದೇ, ಕಬ್ಬಿಣದ ಆಕ್ಸೈಡು. ಸರಳವಾಗಿ ಹೇಳಬೇಕಂದ್ರೆ ತುಕ್ಕಿನ ಬಳಗ. ಅದಕ್ಕೆ ಬಿಳಿ ಸೇರಿದರೆ ನನ್ನ ಗೋಡೆಯ ಬಣ್ಣ. ಗುಲಾಬಿ ಅನ್ನುವ ಪದ ಪಾರಸಿಯಿಂದ ಬಂತು, ಗುಲ್ ಅಂದರೆ ಹೂವು, ಆಬ್ ಅಂದರೆ ನೀರು. ಪದ ಹೊರಗಿಂದ ಬಂದಿರಬಹುದು. ಬಣ್ಣ ನಮ್ಮ ಕಾಲಡಿಯ ಮಣ್ಣಿನದು.

ಮೂರನೇದು, ಇದನ್ನು ಓದಿದವರು ಹೇಳ್ತಾರೆ: "ಬಿಳಿ ಅಥವಾ ಕೆನೆ ಬಣ್ಣವಾದರೆ ಸೋಬರ್, ನ್ಯೂಟ್ರಲ್."

ಹಾಲ್‌ಗೆ ಹಾಲಿನ ಬಣ್ಣ ಅನ್ನುವ ಈ ನಂಬಿಕೆಗೂ ಒಂದು ಊರು, ಹೆಸರು ಇದೆ. ಫ್ರಾನ್ಸಿನ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ 1925ರಲ್ಲಿ ಬರೆದ ಪುಸ್ತಕವೊಂದರಲ್ಲಿ, ಎಲ್ಲರೂ ತಮ್ಮ ಗೋಡೆಗಳಿಗೆ ಬಿಳಿ ಬಳಿಯಬೇಕು, ಅದು ನೈತಿಕ ಕೆಲಸ ಅನ್ನುವಷ್ಟರ ಮಟ್ಟಿಗೆ ವಾದ ಮಾಡಿದ್ದ. ಡೇವಿಡ್ ಬ್ಯಾಚಲರ್ ಅನ್ನುವ ಬ್ರಿಟಿಷ್ ಕಲಾವಿದ 2000ದಲ್ಲಿ ಕ್ರೋಮೋಫೋಬಿಯಾ ಅನ್ನುವ ಪುಟ್ಟ ಪುಸ್ತಕ ಬರೆದು ಇಂಥವರ ಬಣ್ಣಭಯವನ್ನು ಬಯಲಿಗೆಳೆದ. ಪಶ್ಚಿಮದಲ್ಲಿ ಬಣ್ಣವನ್ನು ಕೀಳು ಮಾಡುವಾಗ ಅದನ್ನು ಹೆಂಗಸರಿಗೆ, ಮಕ್ಕಳಿಗೆ, ಪೂರ್ವದೇಶದವರಿಗೆ ಅಂಟಿಸುತ್ತಾ ಬಂದರು ಅನ್ನೋದು ಅವನ ವಾದದ ಒಂದು ಎಳೆ. ನಾವು ಪೂರ್ವದೇಶದವರೇ ಆ ಕೀಳರಿಮೆಯನ್ನು ದುಡ್ಡು ಕೊಟ್ಟು, ಎರಡು ಕೋಟ್ ಹೊಡೆಸಿಕೊಳ್ತಾ ಇದ್ದೀವಲ್ಲ, ಇದಕ್ಕೇನನ್ನಬೇಕು? ಮೆಕ್ಸಿಕೋದ ಲೂಯಿ ಬರಗಾನ್ ತನ್ನ ಕಟ್ಟಡಗಳಿಗೆ ಕಣ್ಣು ಕೋರೈಸುವ ಗುಲಾಬಿ ಗೋಡೆ ಎಬ್ಬಿಸಿದವನು, ನನ್ನ ಮಾಸಲು ಗುಲಾಬಿ ಅದರ ಮುಂದೆ ಏನೂ ಅಲ್ಲ. ಅವನಿಗೆ 1980ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಕೊಟ್ಟರು. ಸಾರ್‌ನ ಒಂದ್ಮಾತು ಕೇಳಿ ಅಂತ ಅವನಿಗೆ ಯಾರಾದರೂ ಹೇಳಿದ್ದರೋ ಇಲ್ಲವೋ :-)

ತಮಾಷೆ ಸಾಕು. ಇದರ ಬಗ್ಗೆ ನಾನು ಇಷ್ಟು ಹಟ ಹಿಡಿಯೋದಕ್ಕೆ ಒಂದು ಕಾರಣ ಇದೆ.

ನನ್ನ ದೊಡ್ಡಮ್ಮ ಇದ್ದರು. ಊರಿನ ಮನೆಯಲ್ಲಿ ದಿನಾ ಹದಿನಾಲ್ಕು ಜನಕ್ಕೆ ಅಡುಗೆ, ಅದೂ ಒಲೆಯಲ್ಲಿ. ದೀಪಾವಳಿ ಮುಂಚೆ ಮನೆಗೆ ಸುಣ್ಣ ಹೊಡೆಸುವಾಗ ಜಗಲಿಗೆ ಯಾವ ಬಣ್ಣ ಅನ್ನೋದು ದೊಡ್ಡಪ್ಪನ ತೀರ್ಮಾನ. ಪ್ರತಿ ಸಲವೂ ತೆಳು ಹಸಿರು ಡಿಸ್ಟೆಂಪರ್. ದೊಡ್ಡಮ್ಮ ಒಂದು ಮಾತೂ ಆಡುತ್ತಿರಲಿಲ್ಲ. ಒಳಕೋಣೆಗೆ ಬಳಿದು ಉಳಿದ ಸುಣ್ಣವನ್ನು ತಪ್ಪಲೆಯಲ್ಲಿ ಎತ್ತಿಡುತ್ತಿದ್ದರು. ಅದಕ್ಕೆ ಕೆಮ್ಮಣ್ಣು ನೀರು ಸೋಸಿ ಬೆರೆಸಿ, ಅಡುಗೆಮನೆ ಪಕ್ಕದ ಕತ್ತಲೆಕೋಣೆಯಲ್ಲಿದ್ದ ಗೋಡೆ ಕಪಾಟಿನ ಒಳಮೈಗೆ ಬಳಿಯುತ್ತಿದ್ದರು. ಎರಡಡಿ ಅಗಲ, ಮೂರಡಿ ಎತ್ತರ ಇದ್ದೀತು. ಬಾಗಿಲು ತೆಗೆದರೆ ಒಳಗೆಲ್ಲ ನಸುಗೆಂಪು. ಅವರ ಕುಂಕುಮದ ಕರಡಿಗೆ, ತವರಿನ ಕಾಗದಗಳು, ಒಂದು ರೇಷ್ಮೆ ಸೀರೆ ಅಲ್ಲಿರುತ್ತಿದ್ದವು. ಬಾಗಿಲು ಹಾಕಿದರೆ ಏನೂ ಇಲ್ಲ, ಬರೀ ಮರ.

"ಜಗಲಿಗೂ ಇದನ್ನೇ ಬಳಿಯಬಹುದಲ್ಲ ದೊಡ್ಡಮ್ಮ" ಅಂದಿದ್ದೆ ಒಂದು ಸಲ, ಸಣ್ಣವಳಿದ್ದಾಗ. "ಥೋ, ಜಗಲಿಗೆ ಎಂತಕ್ಕೆ ಇದೆಲ್ಲ" ಅಂತ ನಕ್ಕು ಬಾಗಿಲು ಹಾಕಿದ್ದರು.

ಐವತ್ತು ವರ್ಷ ಗುಡಿಸಿ, ಒರೆಸಿ, ಬೇಯಿಸಿದ ಮನೆಯಲ್ಲಿ ಅವರ ಪಾಲಿಗೆ ಬಂದ ಬಣ್ಣ ಎರಡಡಿ ಮೂರಡಿ, ಅದೂ ಬಾಗಿಲ ಹಿಂದೆ. ಅವರನ್ನು ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ದೊಡ್ಡಪ್ಪ ಒಳ್ಳೆಯವರೇ. ಕೇಳಿದ್ದರೆ ಬೇಡ ಅನ್ನುತ್ತಿರಲಿಲ್ಲವೇನೋ. ಕೇಳಬಹುದು ಅನ್ನೋದೇ ದೊಡ್ಡಮ್ಮನಿಗೆ ಹೊಳೆಯದ ಹಾಗೆ ಆ ಮನೆ ಇತ್ತು. ಇದು ಸಣ್ಣ ವಿಷಯ, ದೇಶದಲ್ಲಿ ಎಷ್ಟೋ ದೊಡ್ಡ ಸಮಸ್ಯೆ ಇದೆ ಅನ್ನುವವರಿಗೆ ನನ್ನದೊಂದೇ ಪ್ರಶ್ನೆ. ಅಷ್ಟು ಸಣ್ಣ ವಿಷಯವಾದರೆ ಬಿಟ್ಟುಕೊಡೋದಕ್ಕೆ ಯಾಕೆ ಅಷ್ಟು ಕಷ್ಟ?

ಇನ್ನು ನನ್ನ ಪಕ್ಷದವರೇ ಅನ್ನಿಸಿಕೊಂಡವರ ಮೇಲೂ ನನಗೆ ತಕರಾರಿದೆ. ಪಿಂಕ್ ಮನಸ್ಸನ್ನು ಶಾಂತ ಮಾಡುತ್ತೆ, ಪಾಸಿಟಿವ್ ಎನರ್ಜಿ ಕೊಡುತ್ತೆ ಅಂತ ವಿಡಿಯೋ ಮಾಡಿ ಹಾಕ್ತಾರೆ. ಈ ಕಥೆಗೂ ಮೂಲ ಇದೆ. 1979ರಲ್ಲಿ ಅಮೆರಿಕದ ಸಿಯಾಟಲ್‌ನ ನೌಕಾಪಡೆಯ ಬಂದೀಖಾನೆಯ ಕೋಣೆಗೆ ಗುಲಾಬಿ ಬಳಿದು, ಕೈದಿಗಳ ಸಿಟ್ಟು ಇಳೀತು ಅಂದರು. ಬೇಕರ್-ಮಿಲ್ಲರ್ ಪಿಂಕ್ ಅಂತ ಹೆಸರಾಯ್ತು. ಆಮೇಲೆ ಸ್ವಿಟ್ಜರ್ಲೆಂಡಿನ ಜೈಲಿನಲ್ಲಿ ಸರಿಯಾಗಿ ಹೋಲಿಸಿ ನೋಡಿ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥ ಪರಿಣಾಮ ಏನೂ ಕಾಣಲಿಲ್ಲ. ಗೋಡೆ ಗೋಡೆಯೇ, ಮಾತ್ರೆ ಅಲ್ಲ. ನನಗೆ ಇಷ್ಟ ಅನ್ನೋದು ಸಾಕಷ್ಟು ದೊಡ್ಡ ಕಾರಣ. ಅದಕ್ಕೆ ವಿಜ್ಞಾನದ ಸರ್ಟಿಫಿಕೇಟು ತರೋದು ಅಂದರೆ ಮತ್ತೆ ಯಾರದೋ ಪರ್ಮಿಷನ್ ಕೇಳಿದ ಹಾಗೇ.

ಪಿಂಕ್ ಗೋಡೆ, ಪಿಂಕ್ ಸೋಫಾ, ಪಿಂಕ್ ಪರದೆ, ಪಿಂಕ್ ಹೂದಾನಿ ಅಂತ ಕೋಣೆಯನ್ನು ಕೇಕ್ ಮಾಡಿಡುವವರೂ ಇದ್ದಾರೆ. ಅವರಿಂದಲೇ ಈ ಬಣ್ಣಕ್ಕೆ ಕೆಟ್ಟ ಹೆಸರು. ಹೊಸ ಸಾಮಾನು ಒಂದೂ ಬೇಡ ಮಾರಾಯ್ರೆ. ಧೈರ್ಯ ಮಾಡುವವರಿಗೆ ಉಪಯೋಗಕ್ಕೆ ಬರಲಿ ಅಂತ ನಾನು ಕಂಡುಕೊಂಡ ನಾಲ್ಕು ಮಾತು ಹೇಳಿಬಿಡ್ತೀನಿ.

ಶೇಡ್ ಕಾರ್ಡ್ ನೋಡಿ ತೀರ್ಮಾನ ಮಾಡಬೇಡಿ. ಚಿಕ್ಕ ಡಬ್ಬಿ ತಂದು ಎರಡಡಿ ಚೌಕ ಬಳಿದು, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ನೋಡಿ. ಪಶ್ಚಿಮದ ಕಿಟಕಿ ಇದ್ದರೆ ಸಂಜೆ ಅದೇ ಬಣ್ಣ ಕಿತ್ತಳೆಗೆ ತಿರುಗುತ್ತೆ. ಉತ್ತರದ ಬೆಳಕಿನಲ್ಲಿ ಬೂದಿ ಬೂದಿ ಕಾಣುತ್ತೆ. ನಾಲ್ಕು ಗೋಡೆಯೂ ಒಂದರ ಬಣ್ಣವನ್ನು ಇನ್ನೊಂದರ ಮೇಲೆ ಚೆಲ್ಲುವುದರಿಂದ ಬಣ್ಣ ಕಾರ್ಡಿಗಿಂತ ಗಾಢವಾಗಿ ಕಾಣುತ್ತೆ. ಹಾಗಾಗಿ ನಿಮಗೆ ಹಿಡಿಸಿದ್ದಕ್ಕಿಂತ ಒಂದು ಮೆಟ್ಟಿಲು ಮಾಸಲಾಗಿರುವುದನ್ನೇ ಆರಿಸಿ.

ಅಂಗಡಿಯಲ್ಲಿ ಬಣ್ಣ ಬೆರೆಸುವಾಗ ಮೆಜೆಂಟಾ ಬದಲು ರೆಡ್ ಆಕ್ಸೈಡ್ ಇರುವ ಶೇಡ್ ಕೇಳಿ. ಕಬ್ಬಿಣದ ಬಣ್ಣ ಬಿಸಿಲಿಗೆ ಸುಲಭಕ್ಕೆ ಬಿಳಿಚಿಕೊಳ್ಳೋದಿಲ್ಲ. ಪಿಂಕ್ ಬೇಗ ಮಂಕಾಗುತ್ತೆ ಅನ್ನುವವರಿಗೆ ಇದೇ ಉತ್ತರ. ಹೊಳಪಿನ ಪೇಂಟ್ ಬೇಡ, ಹೊಳೆದರೆ ಪ್ಲಾಸ್ಟಿಕ್ ಬಕೆಟ್ ಥರ ಕಾಣುತ್ತೆ. ಮ್ಯಾಟ್ ಇರಲಿ.

ಟ್ಯೂಬ್‌ಲೈಟ್ ಬದಲಾಯಿಸಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಕೂಲ್ ಡೇಲೈಟ್ ದೀಪ 6500 ಕೆಲ್ವಿನ್‌ನದು. ಅದರ ಕೆಳಗೆ ನಸುಗೆಂಪು ಹೆಣದ ಕಳೆ ಪಡೆಯುತ್ತೆ. 2700ರಿಂದ 3000 ಕೆಲ್ವಿನ್‌ನ ಬೆಚ್ಚನೆ ದೀಪ ಹಾಕಿ ನೋಡಿ, ಅದೇ ಗೋಡೆಗೆ ಜೀವ ಬರುತ್ತೆ.

ಜೊತೆಗೆ ತೇಗ, ಬೆತ್ತ, ಹಿತ್ತಾಳೆ, ಎಲೆಹಸಿರು ಚೆನ್ನಾಗಿ ಕೂಡುತ್ತೆ. ಹಳೇ ಇಳಕಲ್ ಸೀರೆಯ ಕೆಂಪು ಸೆರಗು ದಿಂಬಿನ ಕವರಾಗಲಿ. ಗುಳೇದಗುಡ್ಡದ ಖಣ ಇದ್ದರಂತೂ ಕೇಳಲೇಬೇಡಿ. ಬಾಡಿಗೆ ಮನೆಯವರು, ಬಿಳಿ ಬಿಟ್ಟು ಬೇರೆ ಹೊಡೀಬಾರದು ಅಂತ ಓನರ್ ತಾಕೀತು ಮಾಡಿರುವವರು, ಬಟ್ಟೆಯಲ್ಲೇ ಶುರು ಮಾಡಿ. ನಸುಗೆಂಪು ಹತ್ತಿ ಪರದೆಯ ಮೂಲಕ ಬಂದ ಬಿಸಿಲು ಬಿಳಿ ಗೋಡೆಯನ್ನೂ ಬದಲಾಯಿಸುತ್ತೆ. ಬಿಸಿಲಿಗೆ ಅಗ್ರಿಮೆಂಟ್ ಅನ್ವಯಿಸೋದಿಲ್ಲ.

ನಮ್ಮ ಮನೆ ಹಾಲ್ ಈಗ ನಸುಗೆಂಪು. ಎರಡು ಮಳೆಗಾಲ ಕಳೆದಿದೆ. ಆಫೀಸಿನವರು ಬಂದರು, ಕೂತರು, ಚಕ್ಕುಲಿ ತಿಂದರು, ಹೋದರು. ಗೋಡೆ ನೋಡಿ ಯಾರ ಮೀಸೆಯೂ ಉದುರಲಿಲ್ಲ.

ಗಂಡಸರನ್ನು ಬಣ್ಣದ ತೀರ್ಮಾನದಿಂದ ಹೊರಗಿಡಿ ಅಂತ ನಾನು ಹೇಳ್ತಿಲ್ಲ. ಇಬ್ಬರೂ ಕೂತು ಜಗಳ ಆಡಿ ಆರಿಸಿದ ಬೂದು ಬಣ್ಣಕ್ಕೂ ನನ್ನ ನಮಸ್ಕಾರ ಇದೆ. ಆದರೆ ಜಗಳವೇ ಆಗದೆ, ಬರುವವರ ಕಣ್ಣಿಗೆ ಹೆದರಿ ತಾನಾಗೇ ಬಂದು ಕೂತ ಹಾಲಿನ ಬಣ್ಣ ಇದೆಯಲ್ಲ, ಅದನ್ನು ಸೋಬರ್ ಅಂತ ದಯವಿಟ್ಟು ಕರೀಬೇಡಿ.

ಈಗ ನಿಮ್ಮ ಸರದಿ. ನಿಮ್ಮ ಮನೆ ಹಾಲ್‌ಗೆ ಯಾವ ಬಣ್ಣ ಅಂತ ನಾನು ಕೇಳೋದಿಲ್ಲ. ಅದನ್ನು ಆರಿಸಿದ್ದು ಯಾರು? ನಿಮ್ಮ ಅಮ್ಮನಿಗೆ ಇಷ್ಟವಾದ ಬಣ್ಣ ಯಾವುದು ಅಂತ ನಿಮಗೆ ಗೊತ್ತಾ? ಗೊತ್ತಿಲ್ಲದಿದ್ದರೆ ಕಮೆಂಟ್ ಬರೆಯೋದು ಆಮೇಲೆ ಇರಲಿ, ಮೊದಲು ಅವರಿಗೊಂದು ಫೋನ್ ಮಾಡಿ ಕೇಳಿ.